ನಮ್ಮ ನಂಬರು, ನಮ್ಮ ಎಚ್ಚರ



ಈಗ ನಮ್ಮ ಕೈಗೂ ಮೊಬೈಲು ಬಂದಿದೆ. ದೂರದ ಊರಿನ ಮಗಳ ಜೊತೆ ಮಾತಾಡುತ್ತೇವೆ. ಗೃಹಲಕ್ಷ್ಮಿ ಹಣ ಬ್ಯಾಂಕಿಗೆ ಬಂದರೆ ಮೆಸೇಜು ಬರುತ್ತದೆ. ಅದನ್ನು ನಾವೇ ಓದುತ್ತೇವೆ. ಓದು ಕಲಿತದ್ದು ಸಾರ್ಥಕ ಆಯಿತು, ಅಲ್ಲವೆ?

ಆದರೆ ಬೇಡದ ಮೆಸೇಜುಗಳೂ ಬರುತ್ತವೆ. "ನಿಮಗೆ ಲಾಟರಿ ಹೊಡೆದಿದೆ." "ಸಾಲ ಬೇಕೆ?" "ನಿಮ್ಮ ಖಾತೆ ಬಂದ್ ಆಗುತ್ತೆ, ಇದನ್ನು ಒತ್ತಿ." ಇವರಿಗೆ ನಮ್ಮ ನಂಬರು ಕೊಟ್ಟವರು ಯಾರು?

ನಂಬರು ಹೇಗೆ ಹೋಗುತ್ತದೆ?

ಎಷ್ಟೋ ಸಲ ನಾವೇ ಕೊಟ್ಟಿರುತ್ತೇವೆ. ಜಾತ್ರೆಯಲ್ಲಿ ಬಹುಮಾನದ ಚೀಟಿ ತುಂಬುತ್ತೇವೆ. ಬಟ್ಟೆ ಅಂಗಡಿಯಲ್ಲಿ ಬಿಲ್ಲಿಗೆ ಅಂತ ನಂಬರು ಹೇಳುತ್ತೇವೆ. ಹೀಗೆ ಸೇರಿದ ನಂಬರುಗಳ ಪಟ್ಟಿಯನ್ನು ಕೆಲವರು ದುಡ್ಡಿಗೆ ಮಾರುತ್ತಾರೆ. ಕೊಂಡವರು ಎಲ್ಲರಿಗೂ ಮೆಸೇಜು ಕಳಿಸುತ್ತಾರೆ.

ಕೆಲವರ ಬಳಿ ಪಟ್ಟಿಯೂ ಇರುವುದಿಲ್ಲ. ಯಂತ್ರವೇ ಒಂದಾದ ಮೇಲೆ ಒಂದು ನಂಬರಿಗೆ ಕರೆ ಮಾಡುತ್ತದೆ. ನಾವು ತಿರುಗಿ ಕರೆ ಮಾಡಿದರೆ, ಈ ನಂಬರು ಬಳಕೆಯಲ್ಲಿದೆ ಅಂತ ಅವರಿಗೆ ಗೊತ್ತಾಗುತ್ತದೆ. ಆಮೇಲೆ ಕಾಟ ಇನ್ನೂ ಹೆಚ್ಚುತ್ತದೆ.

ಹಾಗಾದರೆ ಏನು ಮಾಡಬೇಕು?

ಕೇಳಿದವರಿಗೆಲ್ಲ ನಂಬರು ಕೊಡಬೇಡಿ. "ಯಾಕೆ ಬೇಕು?" ಅಂತ ಕೇಳಿ. ನಂಬರು ಕೊಟ್ಟರೇ ಬಿಲ್ಲು ಅಂತ ಅಂಗಡಿಯವರು ಹಟ ಮಾಡಬಾರದು. 2023ರಲ್ಲಿ ಕೇಂದ್ರ ಸರ್ಕಾರವೇ ಅಂಗಡಿಗಳಿಗೆ ಹೀಗೆ ತಿಳಿಸಿದೆ.

ಜಾಹೀರಾತು ಬೇಡ ಎಂದರೆ 1909 ನಂಬರಿಗೆ ಕರೆ ಮಾಡಿ ಹೇಳಿ. ಬ್ಯಾಂಕಿನ ಮೆಸೇಜುಗಳು ನಿಲ್ಲುವುದಿಲ್ಲ. ಆದರೆ ಕಳ್ಳರು ಈ ನಿಯಮ ಕೇಳುವವರಲ್ಲ. ಅವರ ವಿಷಯದಲ್ಲಿ ನಾವೇ ಎಚ್ಚರವಾಗಿರಬೇಕು.

ಗುರುತಿಲ್ಲದವರ ಮೆಸೇಜಿನಲ್ಲಿ ನೀಲಿ ಅಕ್ಷರದ ಸಾಲು ಇದ್ದರೆ ಒತ್ತಬೇಡಿ. ಅಳಿಸಿಬಿಡಿ.

ಈಮೇಲ್ ವಿಳಾಸ

ದೊಡ್ಡ ಪರದೆಯ ಫೋನು ಕೊಂಡಾಗ ಅಂಗಡಿಯ ಹುಡುಗ ನಮ್ಮ ಹೆಸರಲ್ಲಿ ಒಂದು ಈಮೇಲ್ ವಿಳಾಸ ಮಾಡಿಕೊಡುತ್ತಾನೆ. ಅದು ಫೋನಿನಲ್ಲಿ ಕಾಗದ ಬರುವ ವಿಳಾಸ. ಅದಕ್ಕೊಂದು ಪಾಸ್‌ವರ್ಡ್ ಇರುತ್ತದೆ. ಪಾಸ್‌ವರ್ಡ್ ಅಂದರೆ ಬೀಗದ ಕೈ. ನಮ್ಮ ಮನೆಯ ಬೀಗದ ಕೈ ಅಂಗಡಿಯವನ ಹತ್ತಿರ ಇರಬಹುದೆ? ಮನೆಗೆ ಬಂದ ಮೇಲೆ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಅದನ್ನು ಬದಲಾಯಿಸಿ. ಈ ವಿಳಾಸವನ್ನೂ ಸಿಕ್ಕಸಿಕ್ಕ ಕಡೆ ಬರೆಯಬೇಡಿ.

ಕಳ್ಳರ ಮಾತು

"ಅಮ್ಮಾ, ನಾವು ಬ್ಯಾಂಕಿನವರು. ನಿಮ್ಮ ಗೃಹಲಕ್ಷ್ಮಿ ಹಣ ನಿಂತಿದೆ. ಈಗ ಬಂದ ಓಟಿಪಿ ಹೇಳಿ" ಅನ್ನುತ್ತಾರೆ. ಓಟಿಪಿ ಅಂದರೆ ಒಂದೇ ಸಲ ನಡೆಯುವ ಗುಟ್ಟಿನ ಅಂಕಿ. ಅದನ್ನು ಹೇಳಿದರೆ ನಮ್ಮ ಪೆಟ್ಟಿಗೆ ನಾವೇ ತೆರೆದುಕೊಟ್ಟಂತೆ. ನಿಜವಾದ ಬ್ಯಾಂಕಿನವರು ಫೋನಿನಲ್ಲಿ ಓಟಿಪಿ ಕೇಳುವುದಿಲ್ಲ. ಅನುಮಾನ ಬಂದರೆ ಫೋನು ಇಡಿ. ಪಾಸ್ ಪುಸ್ತಕ ಹಿಡಿದು ಬ್ಯಾಂಕಿಗೇ ಹೋಗಿ ಕೇಳಿ.

ಇನ್ನೊಂದು ಮಾತು ನೆನಪಿರಲಿ. ಫೋನಿನಲ್ಲಿ ಹಣ ಕಳಿಸುವಾಗ ಪಿನ್ ಒತ್ತಬೇಕು. ಹಣ ಪಡೆಯಲು ಪಿನ್ ಬೇಕಿಲ್ಲ. "ಹಣ ಬರುತ್ತೆ, ಪಿನ್ ಒತ್ತಿ" ಅಂದರೆ ಅದು ಮೋಸವೇ.

ಮೋಸ ಹೋದರೆ?

ಮನೆಯಲ್ಲಿ ಬೈತಾರೆ ಅಂತ ಸುಮ್ಮನೆ ಕೂರಬೇಡಿ. ನಾಚಿಕೆಪಡಬೇಕಾದವನು ಕಳ್ಳ, ನಾವಲ್ಲ. ಓದಿದವರೂ ಮೋಸ ಹೋಗಿದ್ದಾರೆ. ತಕ್ಷಣ 1930 ನಂಬರಿಗೆ ಕರೆ ಮಾಡಿ. ಇಡೀ ದೇಶಕ್ಕೆ ಇದೊಂದೇ ನಂಬರು. ಬ್ಯಾಂಕಿಗೂ ತಿಳಿಸಿ. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ಸಾಗಿಸುತ್ತಾರೆ. ಬೇಗ ಹೇಳಿದರೆ ದಾರಿಯಲ್ಲೇ ತಡೆಯಬಹುದು. ತಡವಾದರೆ ಹಣ ಸಿಗುವುದು ಕಷ್ಟ.

1909 ಮತ್ತು 1930. ಈ ಎರಡು ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡೋಣ. ಅಕ್ಷರ ಬಾರದ ನೆರೆಮನೆಯ ಅಜ್ಜಿಗೂ ಓದಿ ಹೇಳೋಣ.

ಸಂಘದಲ್ಲಿ ಮಾತಾಡೋಣ

1. ನಮ್ಮ ನಂಬರನ್ನು ಎಲ್ಲೆಲ್ಲಿ ಕೊಟ್ಟಿದ್ದೇವೆ?
2. ಓಟಿಪಿಯನ್ನು ಯಾರಿಗೂ ಯಾಕೆ ಹೇಳಬಾರದು?
3. ಈ ವಾರ ಬಂದ ಮೆಸೇಜುಗಳಲ್ಲಿ ಬೇಕಾದ್ದು ಯಾವುದು, ಬೇಡದ್ದು ಯಾವುದು? ಓದಿ ನೋಡಿ.