ಪಾಠದ ನಡುವೆ ಎತ್ತಿದ ಕಿರುಬೆರಳು



ಈ ಸಂಜೆ ನಾನು ಎತ್ತಿಕೊಂಡಿರುವ ವಿಷಯವು ನಾಲ್ಕು ಜನರ ಮುಂದೆ ಆಡತಕ್ಕದ್ದಲ್ಲವೆಂದು ಕೆಲವರಿಗೆ ತೋರಬಹುದು. ಆದರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲಿ ಇದನ್ನು ಅನುಭವಿಸದವರು ಯಾರೂ ಇರಲಾರರು. ಪಾಠ ನಡೆಯುತ್ತಿರುವಾಗ ಹುಡುಗನೊಬ್ಬ ಎದ್ದು ನಿಂತು ಕಿರುಬೆರಳನ್ನು ಎತ್ತುತ್ತಾನೆ. "ಸಾರ್, ಒಂದಕ್ಕೆ" ಎನ್ನುತ್ತಾನೆ. ಉಪಾಧ್ಯಾಯರು ಹೋಗೆನ್ನಬೇಕೆ, ಕುಳಿತುಕೋ ಎನ್ನಬೇಕೆ?

ನಾನು ಅಕ್ಷರ ಕಲಿತದ್ದು ಅರಕಲಗೂಡು ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ. ಎರಡನೆಯ ತರಗತಿಯಲ್ಲಿ ನನ್ನ ಪಕ್ಕದ ಹುಡುಗ ಎರಡು ಸಲ ಬೆರಳೆತ್ತಿದ. ಎರಡು ಸಲವೂ ಮೇಷ್ಟ್ರು ಮಗ್ಗಿ ಮುಗಿಯಲೆಂದರು. ಮಗ್ಗಿ ಮುಗಿಯುವ ಮೊದಲೇ ಚಡ್ಡಿ ಒದ್ದೆಯಾಯಿತು. ತರಗತಿಯೆಲ್ಲ ನಕ್ಕಿತು. ನಕ್ಕವರಲ್ಲಿ ನಾನೂ ಒಬ್ಬ. ಆ ಹುಡುಗ ಒಂದು ವಾರ ಶಾಲೆಯ ಕಡೆಗೆ ಬರಲಿಲ್ಲ. ಬಂದ ಮೇಲೂ ಅವನಿಗೆ ಬಿದ್ದಿದ್ದ ಅಡ್ಡಹೆಸರು ಹೋಗಲಿಲ್ಲ. ಮೇಷ್ಟ್ರು ಕೆಟ್ಟವರಲ್ಲ. ಅವರಿಗೆ ಮಗ್ಗಿಯ ಮೇಲೆ ಗಮನವಿತ್ತು, ಅಷ್ಟೆ.

ದೇಹಶಾಸ್ತ್ರವು ಈ ವಿಷಯದಲ್ಲಿ ಹೇಳುವುದು ಸರಳವಾಗಿದೆ. ಮೂತ್ರಕೋಶವು ಹಿಗ್ಗುವ ಒಂದು ಚೀಲ. ಪ್ರಾಯದವರಲ್ಲಿ ಅದು ಸುಮಾರು 400ರಿಂದ 500 ಮಿಲಿಲೀಟರು ಹಿಡಿಯುತ್ತದೆ. ಮಕ್ಕಳ ವಿಷಯದಲ್ಲಿ ವೈದ್ಯರು ವಯಸ್ಸಿಗೆ ಒಂದನ್ನು ಕೂಡಿಸಿ 30ರಿಂದ ಗುಣಿಸುತ್ತಾರೆ. ಏಳು ವರ್ಷದ ಮಗುವಿಗೆ ಬರುವ ಲೆಕ್ಕ 240, ಅಂದರೆ ಒಂದು ಲೋಟದಷ್ಟು. ಮೇಜಿನ ಈಚೆ ನಿಂತವರ ಚೀಲಕ್ಕೂ ಆಚೆ ಕುಳಿತವರ ಚೀಲಕ್ಕೂ ಇರುವ ಈ ಅಂತರವನ್ನು ನಾವು ಮರೆಯುತ್ತೇವೆ. ದಿನವೂ ಬಿಗಿಹಿಡಿದು ಅಭ್ಯಾಸವಾದರೆ, ಸಡಿಲಿಸಬೇಕಾದ ಹೊತ್ತಿನಲ್ಲಿಯೂ ಸ್ನಾಯುಗಳು ಸರಿಯಾಗಿ ಸಡಿಲುವುದಿಲ್ಲ. ಕೋಶವು ಪೂರ್ತಿ ಬರಿದಾಗುವುದಿಲ್ಲ. ಉಳಿದ ನೀರಿನಲ್ಲಿ ರೋಗಾಣುಗಳು ಬೆಳೆಯುತ್ತವೆ. ಹೆಣ್ಣುಮಕ್ಕಳಲ್ಲಿ ಮೂತ್ರನಾಳವು ಗಿಡ್ಡವಾದುದರಿಂದ ಸೋಂಕು ಹೆಚ್ಚು. ಇದು ಪಾಶ್ಚಾತ್ಯರು ಬಂದು ಹೇಳಿಕೊಟ್ಟ ಹೊಸ ಮಾತೂ ಅಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯಕ್ಕೆ 'ನವೇಗಾಂಧಾರಣೀಯ' ಎಂದೇ ಹೆಸರು. ತಡೆಯಬಾರದ ವೇಗಗಳು ಹದಿಮೂರನ್ನು ಅದು ಎಣಿಸುತ್ತದೆ, ಅವುಗಳಲ್ಲಿ ಮೊದಲನೆಯದೇ ಮೂತ್ರ.

ಉಪಾಧ್ಯಾಯರ ಪಕ್ಷದಲ್ಲಿಯೂ ನ್ಯಾಯವಿಲ್ಲದೆ ಇಲ್ಲ. ಒಬ್ಬನಿಗೆ ಅಪ್ಪಣೆಯಾದೊಡನೆ ಐವರಿಗೆ ಜಲಬಾಧೆ ಹುಟ್ಟುವುದನ್ನು ನಾನೂ ಕಂಡಿದ್ದೇನೆ. ಹೋದವನು ಮರದ ಕೆಳಗೆ ಮೊಬೈಲು ನೋಡುತ್ತ ನಿಂತಿರುವುದೂ ಉಂಟು. ಹೊರಗೆ ಹೋದ ಮಗುವಿಗೆ ಏನಾದರೂ ಆದರೆ ಉತ್ತರ ಹೇಳಬೇಕಾದವರು ಉಪಾಧ್ಯಾಯರೇ. ಆದುದರಿಂದ ಒಬ್ಬರು ಹಿಂದಿರುಗಿದ ಮೇಲೆ ಇನ್ನೊಬ್ಬರೆಂದು ನಿಯಮ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಹತ್ತು ಸಲ ಎತ್ತಿದ ಕಿರುಬೆರಳಲ್ಲಿ ಏಳು ಸುಳ್ಳೆಂದೇ ಇಟ್ಟುಕೊಳ್ಳೋಣ. ಉಳಿದ ಮೂರು ಯಾವುವೆಂದು ನಿಂತಲ್ಲಿಂದಲೇ ಗುರುತಿಸುವ ವಿದ್ಯೆ ಯಾವ ಉಪಾಧ್ಯಾಯನಿಗಿದೆ?

"ವಿರಾಮದಲ್ಲಿ ಏಕೆ ಹೋಗಲಿಲ್ಲ?" ಎಂಬ ಪ್ರಶ್ನೆಯನ್ನು ನಾನೇ ಅನೇಕ ಸಲ ಕೇಳಿದ್ದೆ. ಒಂದು ದಿನ ಕುಳಿತು ಲೆಕ್ಕ ಹಾಕಿದೆ. ನೂರಿಪ್ಪತ್ತು ಹುಡುಗಿಯರು, ಮೂರು ಬಾಗಿಲು, ಹತ್ತು ನಿಮಿಷದ ವಿರಾಮ ಎಂದಿಟ್ಟುಕೊಳ್ಳಿ. ಒಬ್ಬೊಬ್ಬಳ ಪಾಲಿಗೆ ಬರುವುದು ಹದಿನೈದು ಸೆಕೆಂಡು. ಅದರಲ್ಲಿ ಒಂದು ಬಾಗಿಲಿನ ಅಗುಳಿ ಮುರಿದಿದ್ದರೆ ಹತ್ತೇ ಸೆಕೆಂಡು.

ಹಾಸನದ ಕಾಲೇಜುಗಳಿಗೆ ಹೊಳೆನರಸೀಪುರದಿಂದ, ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ ದಿನವೂ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳಿದ್ದಾರೆ. ಹಳ್ಳಿಯಿಂದ ಬರುವವಳು ಬೆಳಗಿನ ಏಳು ಗಂಟೆಗೆ ಮನೆ ಬಿಟ್ಟರೆ ಮತ್ತೆ ಮನೆ ಕಾಣುವುದು ಸಂಜೆಯೇ. ಒಮ್ಮೆ ಅಂಥ ವಿದ್ಯಾರ್ಥಿನಿಯೊಬ್ಬಳು ಪಾಠದ ನಡುವೆ ಎದ್ದು ನಿಂತಾಗ ನಾನು ಗಡಿಯಾರ ತೋರಿಸಿದೆ. ಅವಳು ಮಾತಾಡದೆ ಕುಳಿತಳು. ಆಮೇಲೆ ಮಹಿಳಾ ಸಹೋದ್ಯೋಗಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಆ ಹುಡುಗಿ ದಿನವೂ ನೀರು ಕುಡಿಯದೆ ಬರುತ್ತಾಳೆ, ಸಾರ್, ಇವತ್ತು ಅವಳಿಗೆ ಬೇರೆ ತೊಂದರೆ ಇತ್ತು" ಎಂದರು. ತಿಂಗಳ ಆ ದಿನಗಳಲ್ಲಿ ಹುಡುಗಿಯು ಕಾರಣವನ್ನು ತರಗತಿಯ ಎದುರಿಗೆ ಹೇಳಲಾರಳೆಂಬುದು, ಇಂಗ್ಲಿಷಿನಲ್ಲಿ ಇಷ್ಟೆಲ್ಲ ಓದಿದ ನನಗೆ, ಆವರೆಗೆ ಹೊಳೆದಿರಲಿಲ್ಲ.

ಕಾನೂನು ಇಲ್ಲದಿಲ್ಲ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಶೌಚಾಲಯವಿರಬೇಕೆನ್ನುತ್ತದೆ. ಅದರ ಹದಿನೇಳನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. 2012ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆರು ತಿಂಗಳೊಳಗೆ ಶಾಲೆಗಳಲ್ಲಿ ಶೌಚಾಲಯಗಳಾಗಬೇಕೆಂದು ರಾಜ್ಯಗಳಿಗೆ ಆಜ್ಞೆ ಮಾಡಿತು. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ಹೆಸರಾದಾಗ, ನಮ್ಮ ರಾಜ್ಯದಲ್ಲಿಯೂ ಅದನ್ನು ಅನುಸರಿಸುವ ಮಾತು ಹೊರಟಿತು. ಕುಡಿಯಲು ಗಂಟೆ ಬಾರಿಸಿದವರು, ಕುಡಿದ ನೀರು ಮುಂದಿನ ಪಾಠದಲ್ಲಿ ಏನು ಕೇಳುತ್ತದೆಂಬುದನ್ನೂ ಯೋಚಿಸಬೇಕಷ್ಟೆ.

ಈಗ ನನ್ನ ತರಗತಿಯಲ್ಲಿ ಬಾಗಿಲ ಬಳಿಯ ಬೆಂಚಿನ ಮೇಲೆ ಒಂದು ಮರದ ತುಂಡು ಇರುತ್ತದೆ. ಹೋಗುವವರು ಅದನ್ನು ತೆಗೆದುಕೊಂಡು ಹೋಗುತ್ತಾರೆ, ಬಂದು ಇಡುತ್ತಾರೆ. ನನ್ನನ್ನು ಕೇಳುವುದಿಲ್ಲ; ನಾನೂ ಕೇಳುವುದಿಲ್ಲ. ಮೊದಲ ವಾರ ಆ ತುಂಡು ಹೆಚ್ಚು ತಿರುಗಾಡಿತು, ಆಮೇಲೆ ಹುಡುಗರಿಗೆ ಬೇಸರ ಬಂದಿತು. ಎರಡು ಮೂರು ಸಲ ತೀರ ತಡವಾಗಿ ಬಂದವನೊಬ್ಬನನ್ನು ಏಕಾಂತದಲ್ಲಿ ಕರೆದು ವಿಚಾರಿಸಿದೆ. ಅವನಿಗೆ ಹೊಟ್ಟೆಯ ಕಾಯಿಲೆ ಇತ್ತು. ಚಿಕ್ಕ ತರಗತಿಗಳಲ್ಲಿ ಜೊತೆಗೊಬ್ಬರನ್ನು ಕಳುಹಿಸಬೇಕಾದೀತು. ಅಲ್ಲಿಯೂ ಇಲ್ಲವೆನ್ನುವುದು ಮಾತ್ರ ಸಲ್ಲದು.

ಕೇಳುತ್ತಿರುವ ತಂದೆತಾಯಿಗಳು ಮುಂದಿನ ಪೋಷಕರ ಸಭೆಗೆ ಹೋದಾಗ ಅಂಕಪಟ್ಟಿಯನ್ನು ನೋಡಿದ ಮೇಲೆ ಆ ಕಡೆಗೂ ಒಮ್ಮೆ ನಡೆದು ಹೋಗಿ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಬಾಗಿಲಿಗೆ ಅಗುಳಿಯಿದೆಯೇ ಎಂದು ನೋಡಲಿ. ಬಾಗಿಲಿಗೆ ಬೀಗ ಕಂಡರೆ, ಬೀಗದ ಕೈ ಯಾರ ಬಳಿ ಇರುತ್ತದೆಂದು ವಿಚಾರಿಸಲಿ.