ಧರ್ಮಗಳ ಬಗ್ಗೆ ಓದುವವರಿಗೆ ದುಡ್ಡು ಯಾರು ಕೊಡುತ್ತಾರೆ?

ಮಕ್ಕಳು "ನಾನು ರಿಲಿಜಿಯಸ್ ಸ್ಟಡೀಸ್ ಓದ್ತೀನಿ" ಎಂದರೆ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ "ಪುರೋಹಿತಿಕೆ ಮಾಡ್ತೀಯಾ?" ಎಂಬುದು. ಎರಡನೆಯದು ದುಡ್ಡಿನದು. ಮೊದಲನೆಯದಕ್ಕೆ ಉತ್ತರ ಸುಲಭ. ಅಮೆರಿಕದಲ್ಲಿ ಇದು ಧರ್ಮಬೋಧೆಯ ವಿಭಾಗವಲ್ಲ. ಇತಿಹಾಸ, ಭಾಷೆ, ಸಮಾಜಶಾಸ್ತ್ರಗಳ ಮೂಲಕ ಧರ್ಮಗಳನ್ನು ಅಭ್ಯಾಸ ಮಾಡುವ ವಿಭಾಗ. 1963ರ ಶೆಂಪ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಒಪ್ಪಿಕೊಂಡ ಮೇಲೆ ಸರಕಾರಿ ವಿಶ್ವವಿದ್ಯಾಲಯಗಳಲ್ಲೂ ಇಂಥ ವಿಭಾಗಗಳು ಹೆಚ್ಚಿದವು.

ಇನ್ನು ದುಡ್ಡು. ನನ್ನಂಥ ಇಂಜಿನಿಯರುಗಳಿಗೆ ಗೊತ್ತಿರುವುದು ಎನ್.ಎಸ್.ಎಫ್. ಹಣದಿಂದ ನಡೆಯುವ ಆರ್.ಇ.ಯು. ಬೇಸಿಗೆ ಸಂಶೋಧನೆ. ಅಲ್ಲಿ ಪ್ರೊಫೆಸರರ ಪ್ರಾಜೆಕ್ಟ್ ಸಿದ್ಧವಿರುತ್ತದೆ, ಹುಡುಗರು ಹೋಗಿ ಸೇರಿಕೊಳ್ಳುತ್ತಾರೆ. ಧರ್ಮಾಧ್ಯಯನದಲ್ಲಿ ಸಾಮಾನ್ಯವಾಗಿ ಪ್ರಶ್ನೆಯನ್ನೂ ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು. ಹಣ ಬರುವುದು ಬಹುಪಾಲು ತಮ್ಮದೇ ಕಾಲೇಜಿನಿಂದ: ಅಂಡರ್‌ಗ್ರಾಜುಯೇಟ್ ರಿಸರ್ಚ್ ಆಫೀಸು, ಆನರ್ಸ್ ಪ್ರೋಗ್ರಾಂ, ಇಲ್ಲವೇ ವಿಭಾಗದ ದತ್ತಿನಿಧಿ. ಚಿಕ್ಕದೊಂದು ಪ್ರಪೋಸಲ್, ಬಜೆಟ್, ಪ್ರೊಫೆಸರರ ಶಿಫಾರಸು ಪತ್ರ ಕೇಳುತ್ತಾರೆ. ಜನರನ್ನು ಸಂದರ್ಶಿಸುವುದಿದ್ದರೆ ಐ.ಆರ್.ಬಿ. ಎಂಬ ಸಮಿತಿಯ ಒಪ್ಪಿಗೆಯೂ ಬೇಕಾಗಬಹುದು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಆದ್ದರಿಂದ ಬೇಸಿಗೆಯ ಯೋಚನೆಯನ್ನು ಚಳಿಗಾಲದಲ್ಲೇ ಶುರುಮಾಡಿ.

ವಿಷಯಕ್ಕೆ ದೂರ ಹೋಗಬೇಕಿಲ್ಲ. ಹಾರ್ವರ್ಡಿನ ಡಯಾನಾ ಎಕ್ 1991ರಲ್ಲಿ ಪ್ಲೂರಲಿಸಂ ಪ್ರಾಜೆಕ್ಟ್ ಆರಂಭಿಸಿದಾಗ ವಿದ್ಯಾರ್ಥಿಗಳನ್ನು ಅಮೆರಿಕದ ಊರುಗಳಿಗೇ ಕಳಿಸಿ ಅಲ್ಲಿನ ದೇವಸ್ಥಾನ, ಮಸೀದಿ, ಗುರುದ್ವಾರಗಳ ಚರಿತ್ರೆ ಬರೆಸಿದರು. ನಾವು ಪ್ರತಿ ಶನಿವಾರ ಪುಳಿಯೋಗರೆ ತಿಂದು ಬರುವ ದೇವಸ್ಥಾನವೂ ಹೀಗೆ ಸಂಶೋಧನೆಯ ವಸ್ತುವೇ! ವಚನಗಳ ಕಡೆ ಒಲವಿದ್ದರೆ ಎ.ಕೆ. ರಾಮಾನುಜನ್ ಅವರ 1973ರ ಇಂಗ್ಲಿಷ್ ಅನುವಾದವಿದೆ, ಆದರೆ ಅನುವಾದದಲ್ಲೇ ನಿಂತರೆ ಸಾಲದು. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಮೈಸೂರಿನಲ್ಲಿ ಕನ್ನಡ ಕಲಿಸುತ್ತ ಬಂದಿದೆ, ವಿಚಾರಿಸಿ ನೋಡಿ. ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಮಕ್ಕಳಿಗೆ ಇಲ್ಲಿ ಸಹಪಾಠಿಗಳಿಗಿಲ್ಲದ ಅನುಕೂಲವಿದೆ, ಪ್ರಪೋಸಲ್ಲಿನಲ್ಲಿ ಅದನ್ನು ಸಂಕೋಚವಿಲ್ಲದೆ ಬರೆಯಲಿ.

ಪ್ರಶಸ್ತಿಗಳಲ್ಲಿ ಥೀಟಾ ಆಲ್ಫಾ ಕಪ್ಪಾ ಎಂಬ ಆನರ್ ಸೊಸೈಟಿಯದು ಮುಖ್ಯ. 1976ರಲ್ಲಿ ಹುಟ್ಟಿದ ಇದು ಈ ವಿಷಯಕ್ಕೇ ಮೀಸಲು. ಪ್ರಬಂಧಕ್ಕೆ ಬಹುಮಾನವನ್ನೂ ಕೊಡುತ್ತದೆ. ಆದರೆ ಕಾಲೇಜಿನಲ್ಲಿ ಅದರ ಶಾಖೆ ಇರಬೇಕು. ಪದವಿ ಮುಗಿದ ಕೂಡಲೇ ಒಂದು ವರ್ಷ ಭಾರತಕ್ಕೆ ಹೋಗುವ ಆಸೆಯಿದ್ದರೆ ಫುಲ್‌ಬ್ರೈಟ್-ನೆಹರು ಇದೆ.

ಎಡವುವುದು ವೀಸಾ ವಿಷಯದಲ್ಲಿ. ಫುಲ್‌ಬ್ರೈಟಿಗೆ ಅಮೆರಿಕದ ಪೌರತ್ವ ಬೇಕು, ಆರ್.ಇ.ಯು.ಗೆ ಕನಿಷ್ಠ ಗ್ರೀನ್ ಕಾರ್ಡ್. ಎಚ್-4ರಲ್ಲಿರುವ ಮಕ್ಕಳಿಗೆ ಈ ಎರಡೂ ಇಲ್ಲ. ಕಾಲೇಜಿನ ಸ್ವಂತ ಹಣಕ್ಕೆ ಇಂಥ ನಿರ್ಬಂಧ ಇಲ್ಲದಿರಬಹುದು, ಆದರೆ ಕೊಡುವುದು ಸಂಬಳವೋ ಫೆಲೋಶಿಪ್ಪೋ ಎಂಬುದರ ಮೇಲೆ ನಿಯಮ ಬದಲಾಗುತ್ತದೆ. ಚೆಕ್ ತೆಗೆದುಕೊಳ್ಳುವ ಮೊದಲು ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿನಿಂದ ಬರಹದಲ್ಲಿ ಉತ್ತರ ಪಡೆಯಿರಿ. ಅಂದಹಾಗೆ, ಊಟ, ಬಾಡಿಗೆ, ಪ್ರಯಾಣಕ್ಕೆ ಖರ್ಚಾಗುವ ಸ್ಟೈಪೆಂಡಿಗೆ ಸಾಮಾನ್ಯವಾಗಿ ಆದಾಯ ತೆರಿಗೆ ಲೆಕ್ಕವಿದೆ. ಮುಂಚಿತವಾಗಿ ತೆರಿಗೆ ಹಿಡಿದುಕೊಳ್ಳದೆಯೂ ಕೊಟ್ಟಿರಬಹುದು, ಏಪ್ರಿಲ್ ತಿಂಗಳಿಗೆ ಸ್ವಲ್ಪ ಎತ್ತಿಡಿ.