ಸಮಜೋಡಿಯ ನ್ಯಾಯ: ಕ್ರೀಡೆಯಲ್ಲಿ ತೂಕ ಮತ್ತು ಲಿಂಗ ವಿಭಾಗಗಳು

ಗರಡಿಯ ಉಸ್ತಾದರು ಕುಸ್ತಿಗೆ ಜೋಡಿ ಕಟ್ಟುವಾಗ ಮೊದಲು ಗಮನಿಸುವುದು ಮೈಕಟ್ಟನ್ನು. ಸಮಜೋಡಿಯಿಲ್ಲದ ಕಡೆ ಪಟ್ಟುಗಳ ಪರೀಕ್ಷೆ ನಡೆಯದು, ಭಾರವೇ ಗೆಲ್ಲುತ್ತದೆ. ತೂಕದ ವಿಭಾಗಗಳ ಮೂಲತತ್ತ್ವವೂ ಇದೇ.

ಲಿಂಗ ವಿಭಾಗಕ್ಕೂ ಇಂತಹುದೇ ಆಧಾರವಿದೆ. ಹರೆಯಕ್ಕೆ ಮುನ್ನ ಬಾಲಕ ಬಾಲಕಿಯರ ಓಟದ ವೇಗದಲ್ಲಿ ಅಂತರ ಅಲ್ಪ. ಅನಂತರ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನಿನ ಪ್ರಭಾವದಿಂದ ಬಾಲಕರ ಸ್ನಾಯು, ಎಲುಬು ಮತ್ತು ರಕ್ತದ ಹಿಮೋಗ್ಲೋಬಿನ್ ಹೆಚ್ಚು ಬೆಳೆಯುತ್ತವೆ. 100 ಮೀಟರ್ ಓಟದಲ್ಲಿ ಪುರುಷರ ವಿಶ್ವದಾಖಲೆ 9.58 ಸೆಕೆಂಡು, ಮಹಿಳೆಯರದು 10.49 ಸೆಕೆಂಡು. ಪ್ರತ್ಯೇಕ ವಿಭಾಗವಿಲ್ಲದಿದ್ದರೆ ಜಗತ್ತಿನ ಶ್ರೇಷ್ಠ ಓಟಗಾರ್ತಿಗೂ ಅಂತಿಮ ಸುತ್ತಿನಲ್ಲಿ ಸ್ಥಾನ ದೊರೆಯದು.

ವಿಭಾಗ ಬೇಕೆಂಬುದು ಸ್ಪಷ್ಟ. ಗೆರೆ ಎಳೆಯುವುದು ಕಠಿಣ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 50 ಕಿಲೋಗ್ರಾಂ ವಿಭಾಗದಲ್ಲಿ ವಿನೇಶ್ ಫೋಗಟ್ ಒಂದೇ ದಿನ ಮೂರು ಕುಸ್ತಿಗಳನ್ನು ಗೆದ್ದು ಫೈನಲ್ ತಲಪಿದರು. ಮರುದಿನ ಬೆಳಿಗ್ಗೆ ತೂಕ 100 ಗ್ರಾಂ ಹೆಚ್ಚಿದ್ದುದರಿಂದ ಅನರ್ಹರಾದರು. ಕ್ರೀಡಾ ನ್ಯಾಯಮಂಡಳಿಯಲ್ಲಿ ಸಲ್ಲಿಸಿದ ಮೇಲ್ಮನವಿಯೂ ತಿರಸ್ಕೃತವಾಯಿತು. ನಿಯಮ ಎಲ್ಲರಿಗೂ ಒಂದೇ ಎಂಬುದು ಒಂದು ನ್ಯಾಯ. ಹಿಂದಿನ ದಿನ ನಿಯಮಬದ್ಧವಾಗಿ ಪಡೆದ ಗೆಲುವುಗಳಿಗೂ ಬೆಲೆ ಇರಬೇಕೆಂಬುದು ಇನ್ನೊಂದು ನ್ಯಾಯ.

ಒಡಿಶಾದ ಓಟಗಾರ್ತಿ ದ್ಯುತಿ ಚಂದ್ ಅವರ ಪ್ರಕರಣ ಇನ್ನೂ ಸೂಕ್ಷ್ಮವಾದುದು. ದೇಹದ ಸಹಜ ಟೆಸ್ಟೋಸ್ಟಿರಾನ್ ಪ್ರಮಾಣದ ಕಾರಣದಿಂದ 2014ರಲ್ಲಿ ಅವರನ್ನು ಸ್ಪರ್ಧೆಗಳಿಂದ ಹೊರಗಿಡಲಾಯಿತು. ಅವರು ನ್ಯಾಯಮಂಡಳಿಯ ಮೊರೆಹೊಕ್ಕರು. ಸಾಕಷ್ಟು ವೈಜ್ಞಾನಿಕ ಪುರಾವೆಯಿಲ್ಲವೆಂದು 2015ರಲ್ಲಿ ಮಂಡಳಿಯು ಆ ನಿಯಮವನ್ನು ಅಮಾನತಿನಲ್ಲಿರಿಸಿತು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಅವರು ಎರಡು ಬೆಳ್ಳಿ ಪದಕ ಗಳಿಸಿದರು. ಅದೇ ವರ್ಷ ಹೊಸ ನಿಯಮವು 400 ಮೀಟರಿನಿಂದ ಒಂದು ಮೈಲಿವರೆಗಿನ ಓಟಗಳಿಗೆ ಸೀಮಿತವಾಗಿ ಬಂದಿತು. 2023ರಲ್ಲಿ ಅದು ಎಲ್ಲ ಸ್ಪರ್ಧೆಗಳಿಗೂ ವಿಸ್ತರಿಸಿತು. ವಿದ್ವಾಂಸರ ನಡುವೆ ಚರ್ಚೆ ಇನ್ನೂ ಮುಗಿದಿಲ್ಲ.

ಶಾಲೆಯ ಮೈದಾನಕ್ಕೆ ಇದರಿಂದ ಕೆಲವು ಪಾಠಗಳಿವೆ. ತೂಕ ಇಳಿಸಲೆಂದು ಮಕ್ಕಳು ಊಟ, ನೀರು ಬಿಡುವುದಕ್ಕೆ ಶಿಕ್ಷಕರು ಎಂದಿಗೂ ಆಸ್ಪದ ಕೊಡಬಾರದು. ಮಗು ತನ್ನ ಸಹಜ ತೂಕದ ವಿಭಾಗದಲ್ಲಿಯೇ ಆಡಲಿ. ತೂಕವನ್ನು ಎಲ್ಲರೆದುರು ಕೂಗಿ ಹೇಳಬಾರದು. ಗಟ್ಟಿ ಮೈಕಟ್ಟಿನ ಅಥವಾ ದಪ್ಪ ದನಿಯ ಬಾಲಕಿಯನ್ನು ಕುರಿತು 'ಇವಳು ಹೆಣ್ಣೇ?' ಎಂಬ ಕುಹಕ ಕೇಳಿಬಂದರೆ ಅಲ್ಲಿಯೇ ತಡೆಯಬೇಕು. ನೋಟದಿಂದ ತೀರ್ಪು ಕೊಡುವುದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ.

ತರಗತಿಯಲ್ಲಿ ಚರ್ಚೆಗೆ: ನಿಯಮ ಸರಿಯೇ? ನಿಯಮವನ್ನು ಜಾರಿಗೊಳಿಸಿದ ಬಗೆ ಸರಿಯೇ? ಇವೆರಡೂ ಬೇರೆ ಬೇರೆ ಪ್ರಶ್ನೆಗಳೆಂಬುದನ್ನು ವಿದ್ಯಾರ್ಥಿಗಳು ಮೇಲಿನ ಎರಡು ಪ್ರಕರಣಗಳ ಮೂಲಕ ವಿವೇಚಿಸಲಿ.